ಕಥೆಯೊಳಗಿನ ಮಗುವಿಗೆ ಏನೂ ಗೊತ್ತಾಗಲ್ವಾ?

“ಮಾಷೇ (ಮೇಷ್ಟ್ರೇ), ದೊಡ್ಡವರಿಗೆ ಬರೆದ ಕಥೆಯನ್ನು ಮಗುವಿನ ಕಣ್ಣಿಂದ ಯಾಕೆ ಹೇಳ್ತಾರೆ? ಮಗು ಮುಗ್ಧ, ಅದಕ್ಕೇನೂ ಗೊತ್ತಾಗಲ್ಲ ಅಂತಲೇ ಅಲ್ವಾ?” ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಅಡೂರಿನವರೆಗೆ ಎಲ್ಲಿ ಕಥೆಯ ಮಾತು ತೆಗೆದರೂ ಇದೇ ಪ್ರಶ್ನೆ. ಮತ್ತೊಮ್ಮೆ ಹೇಳುತ್ತೇನೆ.

ಮೊದಲ ಭಾಗಕ್ಕೆ ಉತ್ತರ ಸಣ್ಣದು. ದೊಡ್ಡವರು ಕಂಡದ್ದಕ್ಕೆಲ್ಲ ಕೂಡಲೇ ತೀರ್ಪು ಕೊಡುತ್ತಾರೆ. ಮಗು ಕಂಡದ್ದನ್ನು ಕಂಡ ಹಾಗೆ ಹೇಳುತ್ತದೆ, ತೀರ್ಪು ನಮ್ಮ ಪಾಲಿಗೆ ಉಳಿಯುತ್ತದೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಹೇಳುವವನು ಒಬ್ಬ ಹುಡುಗ. ಅದನ್ನೇ ಅಗ್ರಹಾರದ ಹಿರಿಯರೊಬ್ಬರು ಹೇಳಿದ್ದರೆ ವಿಧವೆ ಯಮುನಕ್ಕ ನಮಗೆ ಇಷ್ಟು ಹತ್ತಿರ ಆಗುತ್ತಿರಲಿಲ್ಲ.

ಆದರೆ “ಏನೂ ಗೊತ್ತಾಗಲ್ಲ” ಅನ್ನುವುದು ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ. ಪ್ರೇಮಚಂದರ ‘ಈದ್ಗಾ’ ತೆಗೆದುಕೊಳ್ಳಿ. ಹಾಮಿದನ ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಅವನಿಗೆ ಅದು ಗೊತ್ತಿಲ್ಲ, ಅಪ್ಪ ದುಡ್ಡು ಗಳಿಸಲು ಹೋಗಿದ್ದಾನೆ ಅಂತ ನಂಬಿದ್ದಾನೆ. ಅದೇ ಹುಡುಗನಿಗೆ ರೊಟ್ಟಿ ಮಾಡುವಾಗ ಅಜ್ಜಿಯ ಬೆರಳು ಸುಡುವುದು ಗೊತ್ತು, ಕೈಯಲ್ಲಿರುವ 3 ಪೈಸೆಯ ಬೆಲೆ ಗೊತ್ತು, ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ಇಕ್ಕುಳ ಕೊಳ್ಳುವುದೂ ಗೊತ್ತು. ಗೆಳೆಯರು ನಕ್ಕಾಗ ವಾದ ಮಾಡಿ ಅವರ ಬಾಯಿ ಮುಚ್ಚಿಸುತ್ತಾನೆ. ಒಂದು ಗೊತ್ತಿಲ್ಲ, ಇನ್ನೊಂದು ದೊಡ್ಡವರಿಗಿಂತ ಜಾಸ್ತಿ ಗೊತ್ತು. ಕಥೆ ನಿಂತಿರುವುದು ಆ ಎರಡರ ನಡುವೆ.

ಆರ್.ಕೆ. ನಾರಾಯಣ್ ಅವರ ಸ್ವಾಮಿ ಒಂದು ಇರುವೆಗಾಗಿ ಮರುಗುತ್ತಾನೆ. ಅದೇ ಸ್ವಾಮಿ ಗೆಳೆಯರ ಜೊತೆ ಸೇರಿ, ನಾವು ಪೊಲೀಸರು ಅಂತ ಗಾಡಿ ಹೊಡೆಯುವ ಬಡ ಹುಡುಗನನ್ನು ಹೆದರಿಸುತ್ತಾನೆ. ಮೊದಲನೆಯದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ನಮ್ಮ ಕಾಸರಗೋಡಿನಲ್ಲಿ ಮಲಯಾಳದ ಕಾದಂಬರಿಕಾರ ವೈಕಂ ಮುಹಮ್ಮದ್ ಬಷೀರರ ‘ಬಾಲ್ಯಕಾಲಸಖಿ’ಯನ್ನು ಕನ್ನಡಿಗರಲ್ಲೂ ಕೆಲವರು ಮಲಯಾಳದಲ್ಲೇ ಓದುತ್ತಾರೆ. 1944ರ ಪುಸ್ತಕ. ಒಂದಕ್ಕೆ ಒಂದು ಸೇರಿದರೆ ಎಷ್ಟು ಅಂದಾಗ “ಇಮ್ಮಿಣಿ ಬಲ್ಯ ಒನ್ನು” (ಸ್ವಲ್ಪ ದೊಡ್ಡ ಒಂದು) ಅನ್ನುವ ಹುಡುಗ ಮಜೀದ್ ಎಲ್ಲರಿಗೂ ಮುದ್ದು. ಆದರೆ ಅದೇ ಮಜೀದ್ ಗೆಳತಿ ಸುಹ್ರಾಳನ್ನೂ ಓದಿಸೋಣ ಅಂತ ಮನೆಯಲ್ಲಿ ಕೇಳುತ್ತಾನೆ, ಅಪ್ಪ ಒಪ್ಪುವುದಿಲ್ಲ. ದುಡ್ಡಿಲ್ಲದವರ ಮನೆಯ ಜಾಣ ಹುಡುಗಿಗೆ ಏನಾಗುತ್ತದೆ ಅನ್ನುವುದನ್ನು ಆ ಹುಡುಗ ಅಲ್ಲೇ ಕಲಿಯುತ್ತಾನೆ. ಮುಂದೆ ಅವನು ಕಾಲು ಕಳೆದುಕೊಳ್ಳುತ್ತಾನೆ, ಸುಹ್ರಾ ಸಾಯುತ್ತಾಳೆ. ಇದನ್ನು ಬರೀ ಮುದ್ದಾದ ಬಾಲ್ಯದ ಕಥೆ ಅಂದರೆ ಬಷೀರರಿಗೆ ಅನ್ಯಾಯ.

ಯಾರೂ ಕೇಳದ ಒಂದು ಮಾತೂ ಇದೆ. ನಮ್ಮ ಊರಿನ ಮಗು ಕಥೆಯಲ್ಲಿ ಯಾವ ಭಾಷೆ ಆಡಬೇಕು? ಮಂಜೇಶ್ವರದ ಹುಡುಗ ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ ಆಡುತ್ತಾನೆ. ಯಾರ ಹತ್ತಿರ ಯಾವುದು ನಡೆಯುತ್ತದೆ ಅಂತ ಅವನಿಗೆ ಒಂದನೇ ಕ್ಲಾಸಿಗೇ ಗೊತ್ತು. ನನಗೆ ಬರುವ ಹಸ್ತಪ್ರತಿಗಳಲ್ಲಿ ಮಾತ್ರ ಆ ಹುಡುಗ ಪಠ್ಯಪುಸ್ತಕದ ಕನ್ನಡ ಆಡುತ್ತಾನೆ. ಅಜ್ಜಿಗೆ ತುಳುವಿನಲ್ಲಿ ಒಂದು ಸುಳ್ಳು ಹೇಳಿ, ಅದನ್ನೇ ಮಾಷಿಗೆ ಕನ್ನಡದಲ್ಲಿ ಹೇಳುವ ಹುಡುಗನ ಕಥೆ ಬರೆದಿದ್ದರೆ ಕಳಿಸಿ. ಅದನ್ನು ಮೊದಲು ಓದುತ್ತೇನೆ.