ಒಬ್ಬ ಹೆಂಗಸಿಗಾಗಿ ಅಕಿಲೀಸ್ ಅಷ್ಟೊಂದು ಮುನಿಸಿಕೊಂಡನೇ?

ಪ್ರಶ್ನೆ: ಟ್ರಾಯ್ ಯುದ್ಧದ ಕಥೆ ಹೇಳುವ ಗ್ರೀಕ್ ಮಹಾಕಾವ್ಯ, ಹೋಮರನ ‘ಇಲಿಯಡ್’ ಓದಿದೆ. ಗ್ರೀಕರ ಕಡೆಯ ದೊಡ್ಡ ವೀರ ಅಕಿಲೀಸ್. ಸೆರೆಯಾಳು ಬ್ರಿಸೀಸಳನ್ನು ಕಿತ್ತುಕೊಂಡರು ಅಂತ ಯುದ್ಧ ಬಿಟ್ಟು ಕೂರುತ್ತಾನೆ. ಜೊತೆಗಾರರು ಸಾಯುತ್ತಿದ್ದರೂ ಏಳುವುದಿಲ್ಲ. ಇದು ಮಕ್ಕಳ ಹಠ ಅಲ್ವಾ?

ಉತ್ತರ: ನಿಮ್ಮ ಪ್ರಶ್ನೆಯನ್ನು ಕಾವ್ಯದೊಳಗೇ ಒಬ್ಬ ಕೇಳಿದ್ದಾನೆ. ಅವನ ಹತ್ತಿರ ಆಮೇಲೆ ಬರೋಣ.

ಊರು ಗೆದ್ದ ಮೇಲೆ ಸೇನೆ ಲೂಟಿ ಹಂಚಿಕೊಳ್ಳುತ್ತಿತ್ತು. ಅದರಲ್ಲಿ ಮುಖ್ಯರಿಗೆ ಅಂತ ಬೇರೆಯಾಗಿ ಎತ್ತಿಡುವ ಪಾಲು ‘ಗೆರಾಸ್’. ಮರ್ಯಾದೆಗೆ ಅವರ ಮಾತು ‘ತಿಮೇ’. ಈ ತಿಮೇ ಮನಸ್ಸಿನಲ್ಲಿದ್ದರೆ ಸಾಲದು, ನಾಲ್ಕು ಜನರ ಕಣ್ಣಿಗೆ ಕಾಣಬೇಕು. ಕಾಣುವುದು ಗೆರಾಸ್‌ನಲ್ಲಿ.

ಅಪೊಲೊ ದೇವರು ಕಳಿಸಿದ ರೋಗ ನಿಲ್ಲಬೇಕಾದರೆ ದೊರೆ ಅಗಮೆಮ್ನಾನ್ ತನ್ನ ಪಾಲಿಗೆ ಬಂದಿದ್ದ ಹುಡುಗಿಯನ್ನು ಅವಳ ತಂದೆಗೆ, ಅಂದರೆ ಅಪೊಲೊನ ಪೂಜಾರಿಗೆ, ಒಪ್ಪಿಸಬೇಕಾಗುತ್ತದೆ. ಒಪ್ಪಿಸುತ್ತಾನೆ, ಆದರೆ ಅಕಿಲೀಸನ ಪಾಲಿನವಳನ್ನು ಎಳೆದುಕೊಳ್ಳುತ್ತಾನೆ. ನಾನು ನಿನಗಿಂತ ಎಷ್ಟು ದೊಡ್ಡವನು ಅಂತ ಗೊತ್ತಾಗಲಿ ಎಂದು ಸಭೆಯಲ್ಲೇ ಹೇಳುತ್ತಾನೆ. ಎಲ್ಲರ ಮುಂದೆ ಕೊಟ್ಟ ತಾಂಬೂಲವನ್ನು ಎಲ್ಲರ ಮುಂದೆಯೇ ಕಿತ್ತುಕೊಂಡ ಹಾಗೆ. ಅಕಿಲೀಸನ ಕೈ ಕತ್ತಿಗೆ ಹೋಗುತ್ತದೆ. ಅಥೀನಾ ದೇವತೆ ಹಿಂದಿನಿಂದ ಜುಟ್ಟು ಹಿಡಿದು ತಡೆಯುತ್ತಾಳೆ.

9ನೇ ಸರ್ಗದಲ್ಲಿ ಅಗಮೆಮ್ನಾನ್ ಸಂಧಾನಕ್ಕೆ ಜನ ಕಳಿಸುತ್ತಾನೆ. 10 ತಲಾಂತು (ಆಗಿನ ತೂಕದ ಅಳತೆ) ಚಿನ್ನ, 20 ಕೊಪ್ಪರಿಗೆ, 12 ಕುದುರೆ, 7 ಊರು, ಮಗಳ ಜೊತೆ ಮದುವೆ, ಬ್ರಿಸೀಸಳೂ ವಾಪಸ್. ಸಂಧಾನಕ್ಕೆ ಬಂದ ಒಡಿಸ್ಯೂಸ್ ಪಟ್ಟಿಯನ್ನು ಹೆಚ್ಚುಕಮ್ಮಿ ಕಂಠಪಾಠದಂತೆ ಒಪ್ಪಿಸುತ್ತಾನೆ. ಆದರೆ ದೊರೆಯ ಕೊನೆಯ ಮಾತನ್ನು ಜಾಣತನದಿಂದ ನುಂಗಿಬಿಡುತ್ತಾನೆ: ‘ಅವನು ನನಗೆ ತಗ್ಗಿ ನಡೆಯಲಿ.’ ಅಕಿಲೀಸನಿಗೆ ವಾಸನೆ ಹತ್ತಿತೇನೋ. ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳುವವನನ್ನು ಕಂಡರೆ ನನಗೆ ನರಕದ ಬಾಗಿಲಷ್ಟೇ ದ್ವೇಷ ಅನ್ನುತ್ತಾನೆ. ತಪ್ಪಾಯಿತು ಅನ್ನುವ ಒಂದು ಮಾತಿಲ್ಲದೆ ರಾಶಿ ಉಡುಗೊರೆ ತಗೊಂಡರೆ ಇವನು ಇನ್ನೂ ಕೆಳಗಿಳಿದ ಹಾಗೇ.

ಆಗ ಜೊತೆಗೆ ಬಂದಿದ್ದ ವೀರ ಏಜಾಕ್ಸ್ ಬಾಯಿ ಬಿಡುತ್ತಾನೆ. ಅವನು ಮಾತಿನ ಮನುಷ್ಯನೇ ಅಲ್ಲ. ಅಣ್ಣತಮ್ಮನನ್ನೋ ಮಗನನ್ನೋ ಕೊಂದವನಿಂದಲೂ ಜನ ಪರಿಹಾರ ತಗೊಂಡು ಸುಮ್ಮನಾಗುತ್ತಾರೆ, ನೀನು ಒಬ್ಬ ಹುಡುಗಿಗಾಗಿ ಹೀಗೆ ಕೂತಿದ್ದೀಯಲ್ಲ ಎಂದು ಕೇಳುತ್ತಾನೆ. ನಿಮ್ಮದೇ ಪ್ರಶ್ನೆ! ನೀನು ಹೇಳಿದ್ದು ಸರಿ ಅಂತಲೇ ಅಕಿಲೀಸ್ ಒಪ್ಪುತ್ತಾನೆ. ಆದರೆ ಅಗಮೆಮ್ನಾನ್ ನನ್ನನ್ನು ಎಲ್ಲರ ನಡುವೆ ಮರ್ಯಾದೆಯಿಲ್ಲದ ಪರದೇಶಿಯ ಹಾಗೆ ನಡೆಸಿಕೊಂಡ, ನೆನೆದರೆ ಎದೆ ಉರಿಯುತ್ತದೆ ಅನ್ನುತ್ತಾನೆ. ಇಲ್ಲಿ ‘ಮರ್ಯಾದೆಯಿಲ್ಲದ’ ಅನ್ನುವ ಗ್ರೀಕ್ ಪದ ಹುಟ್ಟಿದ್ದು ಅದೇ ತಿಮೇಯಿಂದ.

ಹಾಗಂತ ನಾನು ಅವನ ವಕೀಲನಲ್ಲ. ಆ ಹಠಕ್ಕೆ ಪ್ರಾಣಸ್ನೇಹಿತ ಪೆಟ್ರೋಕ್ಲಸ್‌ನನ್ನೇ ಕಳೆದುಕೊಳ್ಳುತ್ತಾನೆ.

ಇಷ್ಟೆಲ್ಲ ಜಗಳದಲ್ಲಿ ಬ್ರಿಸೀಸಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಅವಳು ಬಾಯಿ ಬಿಡುವುದು 19ನೇ ಸರ್ಗದಲ್ಲಿ, ಪೆಟ್ರೋಕ್ಲಸ್‌ನ ಹೆಣದ ಮೇಲೆ ಬಿದ್ದು ಅಳುವಾಗ. ಗಂಡ, ಮೂವರು ಒಡಹುಟ್ಟಿದವರು ಒಂದೇ ಯುದ್ಧದಲ್ಲಿ ಸತ್ತರು. ಗಂಡನನ್ನು ಕೊಂದವನು ಅಕಿಲೀಸ್. ಅವತ್ತು ಅಳಬೇಡ ಅಂತ ಸಮಾಧಾನ ಹೇಳಿದವನು ನೀನು ಅನ್ನುತ್ತಾಳೆ. ಸುತ್ತ ನಿಂತ ಹೆಂಗಸರೂ ಅಳುತ್ತಾರೆ. ಹೆಸರಿಗೆ ಪೆಟ್ರೋಕ್ಲಸ್‌ಗಾಗಿ, ಒಳಗೊಳಗೆ ತಮ್ಮ ತಮ್ಮ ಸಂಕಟಕ್ಕೆ.