ಒಂದು ಕ್ಲಿಕ್ಕಿನ ಲೇಬಲ್, ಒಂದು ಗಂಟೆಯ ಆಹ್ವಾನ

ನಮ್ಮ ಫೋನುಗಳಲ್ಲೆಲ್ಲ ಇರುವ ಎಸ್‌ಕ್ಯೂಲೈಟ್ ಡೇಟಾಬೇಸಿನ ಕೋಡ್ ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಓದಬಹುದು, ಬದಲಿಸಿಕೊಳ್ಳಬಹುದು. ಆದರೆ ಹೊರಗಿನವರು ಬರೆದದ್ದನ್ನು ತಂಡ ಸೇರಿಸಿಕೊಳ್ಳುವುದಿಲ್ಲ. 'ಓಪನ್ ಸೋರ್ಸ್ ಹೌದು, ಓಪನ್ ಕಾಂಟ್ರಿಬ್ಯೂಷನ್ ಅಲ್ಲ' ಎಂದು ಅವರು ಮೊದಲೇ ಬರೆದಿಟ್ಟಿದ್ದಾರೆ. ಈ ನೇರ ಮಾತು ನನಗೆ ಇಷ್ಟ. ಎಷ್ಟೋ ಜನರ ದುಡಿಮೆ ವ್ಯರ್ಥವಾಗುವುದನ್ನು ಅದು ತಪ್ಪಿಸುತ್ತದೆ.

ಎಲ್ಲರನ್ನೂ ಕರೆಯುವ ಯೋಜನೆಗಳಲ್ಲಿ ತೊಡಕು ಬೇರೆ. ಇಶ್ಯೂಗಳ, ಅಂದರೆ ತಿದ್ದಬೇಕಾದ ದೋಷ, ಮಾಡಬೇಕಾದ ಕೆಲಸಗಳ ಪಟ್ಟಿ ಸಾವಿರಗಟ್ಟಲೆ ಬೆಳೆದಿರುತ್ತದೆ. ಕೆಲವು ಇಶ್ಯೂಗಳ ಬಗ್ಗೆ ಇನ್ನೂ ತೀರ್ಮಾನವಾಗಿರುವುದಿಲ್ಲ, ಕೆಲವನ್ನು ಒಳಗಿನವರು ಆಗಲೇ ಹಿಡಿದಿರುತ್ತಾರೆ. ಇನ್ನು ಕೆಲವು ನೋಡಲು ಚಿಕ್ಕವು, ಕೈ ಹಾಕಿದರೆ ಹತ್ತು ಕಡೆ ಮುರಿಯುತ್ತವೆ. ಹೊಸಬರಿಗೆ ಇದೊಂದೂ ಕಾಣುವುದಿಲ್ಲ. ಅದಕ್ಕೇ ಹೊಸಬರಿಗೆ ತಕ್ಕ ಇಶ್ಯೂಗಳನ್ನು ಗುರುತಿಸುವ ಲೇಬಲ್‌ಗಳು ಬಂದವು: ವೆಬ್ ತಾಣ ಕಟ್ಟುವ ಸಾಧನವಾದ ಜಾಂಗೊದಲ್ಲಿ 'ಈಸಿ ಪಿಕಿಂಗ್ಸ್', ಫೈರ್‌ಫಾಕ್ಸ್‌ನಲ್ಲಿ 'ಗುಡ್ ಫಸ್ಟ್ ಬಗ್', ಕನ್ನಡ ವಿಕಿಪೀಡಿಯವನ್ನೂ ನಡೆಸುವ ಮೀಡಿಯಾವಿಕಿಯಲ್ಲಿ 'ಗುಡ್ ಫಸ್ಟ್ ಟಾಸ್ಕ್'. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಹೊಸ ಯೋಜನೆ ತೆರೆದರೆ 'ಗುಡ್ ಫಸ್ಟ್ ಇಶ್ಯೂ', 'ಹೆಲ್ಪ್ ವಾಂಟೆಡ್' ಎಂಬವು ತಾವಾಗಿಯೇ ಸಿಗುತ್ತವೆ.

ಆದರೆ ಲೇಬಲ್ ಅಂಟಿಸಲು ಒಂದು ಕ್ಲಿಕ್ ಸಾಕು. ಅಷ್ಟು ಅಗ್ಗದ ಸಂಕೇತವನ್ನು ಹೇಗೆ ನಂಬುವುದು? ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗ ಮಾರುಕಟ್ಟೆಯ ಬಗ್ಗೆ ಬರೆಯುತ್ತಾ ಇದಕ್ಕೊಂದು ಸೂತ್ರ ಕೊಟ್ಟರು: ಅರ್ಹತೆ ಇಲ್ಲದವರಿಗೆ ದುಬಾರಿಯಾಗುವ ಸಂಕೇತಕ್ಕೆ ಮಾತ್ರ ಬೆಲೆ. ಇಲ್ಲಿ ಆ ದುಬಾರಿ ಭಾಗ ಲೇಬಲ್ಲಿನ ಕೆಳಗಿನ ಬರಹದಲ್ಲಿದೆ.

ಸರ್ವರ್‌ಗಳಲ್ಲಿ ತಂತ್ರಾಂಶಗಳನ್ನು ನಿರ್ವಹಿಸುವ ಕುಬರ್ನೆಟೀಸ್ ಯೋಜನೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಯಾರಾದರೂ '/ಗುಡ್-ಫಸ್ಟ್-ಇಶ್ಯೂ' ಎಂಬ ಆದೇಶವನ್ನು ಬರೆದರೆ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ, ಲೇಬಲ್ ಹಾಕುತ್ತದೆ. ಜೊತೆಗೇ, ಈ ಇಶ್ಯೂ ನಿಯಮಗಳಿಗೆ ಹೊಂದುತ್ತದೆಯೇ ನೋಡಿ, ಇಲ್ಲದಿದ್ದರೆ ಲೇಬಲ್ ತೆಗೆಯಿರಿ ಎಂದು ನೆನಪಿಸುತ್ತದೆ. ಆ ನಿಯಮಗಳ ಪ್ರಕಾರ ಪರಿಹಾರ ಏನೆಂದು ಮೊದಲೇ ವಿವರಿಸಿರಬೇಕು, ಕೋಡಿನಲ್ಲಿ ಎಲ್ಲಿ ಕೈ ಹಾಕಬೇಕೆಂದು ತೋರಿಸಿರಬೇಕು, ಹಿಂದೆ ಆದ ಇಂಥದ್ದೇ ತಿದ್ದುಪಡಿಗೆ ಕೊಂಡಿ ಕೊಡಬೇಕು. ಇಷ್ಟನ್ನು ಬರೆಯಲು ಒಂದು ಗಂಟೆ ಹಿಡಿದೀತು. ಆ ತಿದ್ದುಪಡಿಯನ್ನು ಬಲ್ಲವರು ತಾವೇ ಹತ್ತು ನಿಮಿಷದಲ್ಲಿ ಮಾಡಿ ಮುಗಿಸಬಹುದಿತ್ತು. ಗೊತ್ತಿದ್ದೂ ಅವರು ಬರೆಯುತ್ತಾರಲ್ಲ, ನಿಜವಾದ ಆಹ್ವಾನ ಅದೇ. ರಸ್ಟ್ ಭಾಷೆಯ ತಂಡದ 'ಇ-ಮೆಂಟರ್' ಲೇಬಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೇಳಿದರೆ ಹೇಳಿಕೊಡಲು ಜನರಿದ್ದಾರೆ ಎಂದೂ ತಿಳಿಸುತ್ತದೆ.

ಕರೆಯದೆ ಬಂದರೆ ಏನಾಗುತ್ತದೆ ಎಂಬುದನ್ನು 2020ರ ಅಕ್ಟೋಬರ್ ತೋರಿಸಿತು. ಡಿಜಿಟಲ್ ಓಷನ್ ಕಂಪನಿ 2014ರಿಂದ ನಡೆಸುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಆ ವರ್ಷ ಯೋಜನೆಯ ಪರಿಚಯವಿರುವ ರೀಡ್‌ಮೀ ಫೈಲಿಗೆ ಒಂದೆರಡು ಪದ ತುರುಕಿದ ಕೆಲಸಕ್ಕೆ ಬಾರದ ರಿಕ್ವೆಸ್ಟ್‌ಗಳ ಪ್ರವಾಹವೇ ಹರಿಯಿತು. ಸಂಬಳವಿಲ್ಲದೆ ದುಡಿಯುವ ನಿರ್ವಾಹಕರು ಅವನ್ನು ಒಂದೊಂದಾಗಿ ಮುಚ್ಚುತ್ತಾ ಕೂರಬೇಕಾಯಿತು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು: ತಾವಾಗಿ 'ಹ್ಯಾಕ್ಟೋಬರ್‌ಫೆಸ್ಟ್' ಎಂದು ಗುರುತು ಹಾಕಿಕೊಂಡ ಯೋಜನೆಗಳಷ್ಟೇ ಲೆಕ್ಕಕ್ಕೆ.

ಒಳ್ಳೆಯ ಮನಸ್ಸಿನಿಂದ ಇಶ್ಯೂ ಹಿಡಿದವರೂ ಪರೀಕ್ಷೆಯೋ ಕೆಲಸವೋ ಬಂದು ಸುಮ್ಮನಾಗುವುದುಂಟು. ಹೆಸರು ಹಾಗೇ ಉಳಿದರೆ ಬೇರೆಯವರು ಅದನ್ನು ಮುಟ್ಟುವುದಿಲ್ಲ. ರಸ್ಟ್‌ನಲ್ಲಿ ಬಾಟ್‌ಗೆ 'ಕ್ಲೇಮ್' ಎಂದು ಬರೆದು ಇಶ್ಯೂ ಪಡೆಯುವ ಹಾಗೆಯೇ, ಇನ್ನೊಂದು ಆದೇಶದಿಂದ ಕಾರಣ ಕೊಡದೆ ಬಿಟ್ಟುಕೊಡಲೂ ಬರುತ್ತದೆ. ಬಿಟ್ಟ ಕ್ಷಣವೇ ಅದು ಮುಂದಿನವರಿಗೆ ಖಾಲಿ.