‘ಹುಟ್ಟಾ ಪಾಪಿ’ಗೆ ಸ್ವಾತಂತ್ರ್ಯ ಎಲ್ಲಿಂದ ಬಂತು?

ಪ್ರಶ್ನೆ: “ಮೇಷ್ಟ್ರೇ, ಮನುಷ್ಯ ಹುಟ್ಟುತ್ತಲೇ ಪಾಪಿ ಅಂತ ನಿಮ್ಮ ಚರ್ಚೇ ಹೇಳುತ್ತದೆ. ಸ್ವಭಾವವೇ ಕೆಟ್ಟ ಮೇಲೆ ಅವನು ಕೆಟ್ಟದ್ದು ಮಾಡಿದರೆ ಅದು ಅವನ ತಪ್ಪು ಹೇಗಾಗುತ್ತದೆ? ಸ್ವಾತಂತ್ರ್ಯ ಇದೆ ಅನ್ನುವವರೂ ನೀವೇ, ಹತ್ತು ಆಜ್ಞೆ ಹೇರುವವರೂ ನೀವೇ. ಇದು ಯಾವ ನ್ಯಾಯ?”

ಈ ಪ್ರಶ್ನೆ ನನಗೆ ಹೊಸದಲ್ಲ. ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯ ನೋಡಲು ಬಂದವರು ಕೇಳಿದ್ದಾರೆ, ಸಾಗರದ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ, ಧರ್ಮೋಪದೇಶದ ತರಗತಿಯಲ್ಲಿ ನಮ್ಮದೇ ಮಕ್ಕಳೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದೇ ಬಿಡುತ್ತೇನೆ.

ಮೊದಲು ‘ಹುಟ್ಟಾ ಪಾಪಿ’ಯ ವಿಚಾರ ಮುಗಿಸೋಣ. ಅದೊಂದು ತಲೆಯಿಂದ ಇಳಿಯದೆ ಮುಂದಿನದು ಯಾವುದೂ ಒಳಗೆ ಹೋಗುವುದಿಲ್ಲ.

ಮನುಷ್ಯನ ಸ್ವಭಾವ ಪೂರ್ತಿ ಕೊಳೆತುಹೋಗಿದೆ ಎಂದು ಕಥೋಲಿಕ ಧರ್ಮಸಭೆ ಕಲಿಸುವುದಿಲ್ಲ. ಹಾಗೆ ಕಲಿಸಿದವರನ್ನು ಬಿಷಪರ ಮಹಾಸಭೆ ಕೂಡಿಸಿ ಖಂಡಿಸಿದೆ. ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ 1525ರಲ್ಲಿ, ಮನುಷ್ಯನ ಇಚ್ಛೆ ದಾಸ್ಯದಲ್ಲಿದೆ ಎಂದು ವಾದಿಸಿ ಒಂದು ಪುಸ್ತಕವನ್ನೇ ಬರೆದರು. ಇನ್ನೊಬ್ಬ ಪ್ರೊಟೆಸ್ಟೆಂಟ್ ಮುಂದಾಳು ಕ್ಯಾಲ್ವಿನ್ ಕೂಡ ಅದೇ ದಾರಿಯಲ್ಲಿ ನಡೆದರು. 1545ರಿಂದ 1563ರವರೆಗೆ ನಡೆದ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು: ಮೊದಲ ಮನುಷ್ಯ ಆದಾಮನ ಪಾಪದಿಂದ ಮನುಷ್ಯನ ಸ್ವತಂತ್ರ ಇಚ್ಛೆಯ ಬಲ ಕುಂದಿದೆ, ಅದು ವಾಲಿದೆ, ಆದರೆ ಆರಿಹೋಗಿಲ್ಲ. ಆರಿಹೋಗಿದೆ ಎನ್ನುವವರಿಗೆ ಬಹಿಷ್ಕಾರ. ಇಷ್ಟು ಕಡ್ಡಿ ಮುರಿದಂತೆ ಹೇಳಿ ನಾಲ್ಕೂವರೆ ಶತಮಾನ ದಾಟಿದ ಮೇಲೂ ‘ನಿಮ್ಮ ಚರ್ಚೇ ಹೇಳುತ್ತದೆ’ ಎಂದರೆ ಮನಸ್ಸಿಗೆ ಬೇಜಾರಾಗುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಲುವೇನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬಾಯಸ್ ಎಂಬ ಪ್ರಾಧ್ಯಾಪಕರಿದ್ದರು. ಕ್ರೈಸ್ತ ವಿಶ್ವಾಸ ಇಲ್ಲದವರು ಮಾಡುವುದೆಲ್ಲ ಪಾಪವೇ, ತತ್ತ್ವಜ್ಞಾನಿಗಳ ಸದ್ಗುಣಗಳೂ ದುರ್ಗುಣಗಳೇ ಎಂಬ ವಾದ ಆ ಕಡೆಯಿಂದ ಬಂದಾಗ, ಪೋಪ್ ಐದನೇ ಪಿಯುಸ್ 1567ರಲ್ಲಿ ಅದನ್ನು ತಳ್ಳಿಹಾಕಿದರು. ಅಂದರೆ ಪಕ್ಕದ ಮನೆ ಗೌಡರು ಬಡವನ ಮಗಳ ಮದುವೆಗೆ ಸದ್ದಿಲ್ಲದೆ ಕಳಿಸಿದ ಅಕ್ಕಿ ಮೂಟೆ ನಿಜವಾಗಿಯೂ ಒಳ್ಳೆಯ ಕೆಲಸ, ಅವರಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತ ದೀಕ್ಷೆ, ಆಗಿರಲಿ, ಬಿಡಲಿ. ಇದು ನನ್ನ ಉದಾರತೆ ಅಲ್ಲ, ಧರ್ಮಸಭೆಯ ತೀರ್ಮಾನ.

ಹಾಗಾದರೆ ಜನ್ಮಪಾಪ ಎಂದರೇನು? ಮಗು ಏನೋ ತಪ್ಪು ಮಾಡಿ ಹುಟ್ಟಿದೆ ಎಂದಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಇದನ್ನು ಬಿಡಿಸಿಯೇ ಹೇಳುತ್ತದೆ: ಅದು ಮಾಡಿದ ಪಾಪವಲ್ಲ, ಬಂದ ಸ್ಥಿತಿ. ದೇವರ ಜೊತೆ ಮೊದಲಿದ್ದ ಆಪ್ತತೆ ಕೈತಪ್ಪಿದ ಸ್ಥಿತಿ. ಸ್ವಭಾವಕ್ಕೆ ಗಾಯವಾಗಿದೆ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಆ ಗಾಯಗಳನ್ನು ನಾಲ್ಕು ಎಂದು ಗುರುತಿಸುತ್ತಾರೆ: ಬುದ್ಧಿಗೆ ಮಂಕು, ಇಚ್ಛೆಗೆ ಕೇಡಿನ ಕಡೆ ಸೆಳೆತ, ಕಷ್ಟ ಎದುರಾದಾಗ ಕುಸಿಯುವ ದೌರ್ಬಲ್ಯ, ಮಿತಿ ಮೀರುವ ಆಸೆ. ಆದರೆ ಸ್ವಭಾವದ ಒಳಿತನ್ನು ಪಾಪ ಬೇರುಸಹಿತ ಕೀಳಲಾರದು ಎಂದೂ ಅವರೇ ಹೇಳುತ್ತಾರೆ. ತರಗತಿಯಲ್ಲಿ ನಾನು ಮಕ್ಕಳನ್ನು ಕೇಳುವುದು ಇಷ್ಟೇ: ಆಷಾಢದ ಮಳೆಗೆ ಕೊಳೆ ಬಂದ ಅಡಿಕೆ ಮರ ಬೈನೆ ಮರ ಆಗುತ್ತದಾ? ಕೊಳೆ ಬಂತು ಅಂತ ನಿಮ್ಮಪ್ಪ ತೋಟ ಕಡಿಸುತ್ತಾರಾ, ಔಷಧಿ ಹೊಡೆಸುತ್ತಾರಾ? ತೋಟದ ಮನೆಯ ಮಕ್ಕಳಿಗೆ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ.

ಇನ್ನು ಹತ್ತು ಆಜ್ಞೆ ‘ಹೇರಿದ’ ಮಾತು. ಎಲ್ಲೋ ಮೇಲಿಂದ ಬಂದ ಹುಕುಂ, ಮನುಷ್ಯನ ಕಾಲಿಗೆ ಹಾಕಿದ ಹಗ್ಗ ಎನ್ನುವ ಕಲ್ಪನೆ ಇದರ ಹಿಂದಿದೆ. ಅಕ್ವಿನಾಸ್ ಪ್ರಕಾರ ಕಾನೂನೆಂದರೆ ಎಲ್ಲರ ಒಳಿತಿಗಾಗಿ ವಿವೇಕ ಮಾಡುವ ವ್ಯವಸ್ಥೆ. ನೈತಿಕ ನಿಯಮದ ಮೊದಲ ಸಾಲು, ಒಳ್ಳೆಯದನ್ನು ಮಾಡು, ಕೆಟ್ಟದ್ದನ್ನು ಬಿಡು. ಅದನ್ನು ತಿಳಿಯಲು ಮೋಶೆಗೆ ಹತ್ತು ಆಜ್ಞೆ ಸಿಕ್ಕ ಸಿನಾಯಿ ಬೆಟ್ಟದವರೆಗೂ ಹೋಗಬೇಕಿಲ್ಲ. ಮೋಶೆಯ ಆ ಧರ್ಮಶಾಸ್ತ್ರ ಇಲ್ಲದ ಜನರ ಹೃದಯದಲ್ಲೂ ಅದು ಬರೆದಿದೆ ಎಂದು ಸಂತ ಪೌಲ ರೋಮನರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಹೇಳುತ್ತಾರೆ.

ನಮ್ಮ ಕಡೆ ಬಾಂದುಕಲ್ಲು ಕೀಳುವವನನ್ನು ನೋಡಿ. ಮಳೆಗಾಲದ ರಾತ್ರಿ ಬ್ಯಾಟರಿಯನ್ನೂ ಹಾಕದೆ ಹೋಗುತ್ತಾನೆ. ಹಾರೆ ಕೊಟ್ಟು ಕಲ್ಲನ್ನು ಎಬ್ಬಿಸಿ, ಪಕ್ಕದವರ ತೋಟದೊಳಗೆ ಮೂರಡಿ ಸರಿಸಿ ನೆಡುತ್ತಾನೆ. ಹಳೇ ಗುಂಡಿಗೆ ಮಣ್ಣು ತುಂಬಿ, ಮೇಲೆ ದರಗು ಎಳೆದು ಮುಚ್ಚುತ್ತಾನೆ. ನೆರೆಯವನ ಗಡಿಕಲ್ಲು ಸರಿಸುವವನು ಶಾಪಗ್ರಸ್ತ ಎಂದು ಬೈಬಲಿನ ಧರ್ಮೋಪದೇಶಕಾಂಡದ 27ನೇ ಅಧ್ಯಾಯದಲ್ಲಿದೆ, ಅವನು ಅದನ್ನು ಓದಿಲ್ಲ. ಓದದಿದ್ದರೂ ರಾತ್ರಿಯೇ ಯಾಕೆ ಹೋದ? ದರಗು ಯಾಕೆ ಎಳೆದ? ಅವನ ಕಲ್ಲನ್ನು ಇನ್ನೊಬ್ಬ ಸರಿಸಿದರೆ ಮರುದಿನ ಬೆಳಿಗ್ಗೆ ತಾಲ್ಲೂಕು ಕಚೇರಿ ಬಾಗಿಲಲ್ಲಿ ಇರುತ್ತಾನೆ. ಕಳ್ಳನೂ ತನ್ನ ಮನೆಗೆ ಕಳ್ಳ ನುಗ್ಗಿದರೆ ಸಹಿಸುವುದಿಲ್ಲ ಎಂದು ಸಂತ ಅಗಸ್ಟೀನ್ ಬರೆದದ್ದು ಇದನ್ನೇ. ಬುದ್ಧಿಗೆ ಮಂಕು ಕವಿದಿದ್ದರೂ ಆ ಬರಹ ಅಳಿಸಿಲ್ಲ. ಆದ್ದರಿಂದಲೇ ಅವನನ್ನು ಹೊಣೆ ಮಾಡಬಹುದು.

ಸ್ವಾತಂತ್ರ್ಯದ ಬಗ್ಗೆ ಒಂದೇ ಮಾತು. ಕೆಟ್ಟದ್ದನ್ನು ಮಾಡುವ ಸಾಧ್ಯತೆಯೇ ಸ್ವಾತಂತ್ರ್ಯ ಎಂದರೆ, ಪಾಪ ಮಾಡಲಾಗದ ದೇವರು ನಮಗಿಂತ ಕಡಿಮೆ ಸ್ವತಂತ್ರನಾಗಬೇಕಾಗುತ್ತದೆ. ಪೋಪ್ ಹದಿಮೂರನೇ ಲಿಯೋ 1888ರಲ್ಲೇ ಈ ಗೊಂದಲ ಬಿಡಿಸಿದ್ದಾರೆ. ಒಳ್ಳೆಯದನ್ನು ಮಾಡುತ್ತಾ ಹೋದಷ್ಟೂ ಮನುಷ್ಯ ಸ್ವತಂತ್ರನಾಗುತ್ತಾನೆ ಎನ್ನುವುದು ನಮ್ಮ ಬೋಧನೆ. ಹೆದರಿಕೆ, ಒತ್ತಾಯ, ಹತ್ತಿದ ಚಟ ಇವೆಲ್ಲ ಹೊಣೆಯನ್ನು ಕಡಿಮೆ ಮಾಡುತ್ತವೆ ಎಂದೂ ಅದೇ ಬೋಧನೆ ಒಪ್ಪುತ್ತದೆ.

ಇಲ್ಲಿಗೆ ಕೇಳಿದ್ದಕ್ಕೆ ಉತ್ತರವಾಯಿತು. ಆದರೆ ಯಾರೂ ಕೇಳದ, ಕೇಳಲೇಬೇಕಾದ ಇನ್ನೊಂದಿದೆ: ಮನಸ್ಸಾಕ್ಷಿಯೇ ತಪ್ಪು ದಾರಿ ತೋರಿಸಿದರೆ? ಅಕ್ವಿನಾಸ್ ಇಲ್ಲಿ ಕೊಡುವ ಉತ್ತರ ಓದಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಕ್ರಿಸ್ತನನ್ನು ನಂಬುವುದು ಒಳ್ಳೆಯದೇ, ಆದರೆ ಅದು ಕೆಟ್ಟದ್ದೆಂದು ಒಬ್ಬನ ವಿವೇಕ ಹೇಳುತ್ತಿದ್ದರೆ, ಆ ಸ್ಥಿತಿಯಲ್ಲಿ ಅವನು ನಂಬಿದರೆ ಅದು ತಪ್ಪು ಎನ್ನುತ್ತಾರೆ ಅವರು. ಒಬ್ಬ ಸನ್ಯಾಸಿ, ಧರ್ಮಸಭೆಯ ಮಹಾಪಂಡಿತ, ಮನಸ್ಸಾಕ್ಷಿಗೆ ಕೊಟ್ಟ ಗೌರವ ಇದು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರಿನಲ್ಲಿ ಘೋಷಿಸಿತು. ಬಲವಂತದ ಆಪಾದನೆ ಕಿವಿಗೆ ಬಿದ್ದಾಗಲೆಲ್ಲ ನಾನು ಈ ಎರಡನ್ನೂ ಎದುರಿಗಿಡುತ್ತೇನೆ.

ಹಾಗಂತ ಮನಸ್ಸಾಕ್ಷಿಯ ಹೆಸರು ಹೇಳಿ ಎಲ್ಲರೂ ಪಾರಾಗಲು ಬರುವುದಿಲ್ಲ. ತಿಳಿದುಕೊಳ್ಳಬೇಕಾದದ್ದನ್ನು ಬೇಕೆಂದೇ ತಿಳಿಯದೆ ಉಳಿದವನಿಗೆ ವಿನಾಯಿತಿ ಇಲ್ಲ ಎಂದು ಅಕ್ವಿನಾಸ್ ಅದರ ಬೆನ್ನಲ್ಲೇ ಹೇಳಿಬಿಡುತ್ತಾರೆ. ಕಲ್ಲು ಸರಿಸಿದವನು “ಜಾಗ ನಮ್ಮಜ್ಜನ ಕಾಲದ್ದು ಫಾದರ್, ನನ್ನ ಮನಸ್ಸಾಕ್ಷಿ ಶುದ್ಧ ಇದೆ” ಎಂದರೆ, ಪಾಪನಿವೇದನೆ ಕೇಳುವ ಗುರುಗಳು ಸರ್ವೆಯವರನ್ನು ಕರೆಸಿ ಅಳೆಸಿದ್ದೀಯಾ, ನಕ್ಷೆ ನೋಡಿದ್ದೀಯಾ ಎಂದು ಕೇಳಲೇಬೇಕು. ನೋಡಿದರೆ ಏನು ಹೊರಬೀಳುತ್ತದೋ ಎಂಬ ಭಯಕ್ಕೆ ನೋಡದೆ ಉಳಿದಿದ್ದರೆ, ಆ ಅಜ್ಞಾನವೂ ಅವನದೇ ಕೈಕೆಲಸ. ಅಳೆಸಿದ ಮೇಲೆ ಜಾಗ ಅವನದಲ್ಲ ಎಂದಾದರೆ, ಬರೀ ಕ್ಷಮೆ ಕೇಳಿದರೆ ಆಗುವುದಿಲ್ಲ. ಕಲ್ಲನ್ನು ಹಳೇ ಗುಂಡಿಯಲ್ಲೇ ನೆಟ್ಟು, ಇಷ್ಟು ವರ್ಷ ಆ ಮೂರಡಿಯಿಂದ ಕೊಯ್ದ ಅಡಿಕೆಯ ದುಡ್ಡನ್ನೂ ಪಕ್ಕದ ಮನೆಗೆ ಕೊಟ್ಟು ಬರಬೇಕು.